ಭಾಷಣದಲ್ಲಿ ಗಾದೆ ಎಷ್ಟಿರಬೇಕು? ನಮ್ಮ ಭಾವನಿಗೆ ಪ್ಯಾರಾಕ್ಕೊಂದು ಬೇಕಂತೆ

ಹೆಗಡೆ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಸಿದ್ದಾಪುರದ ಕಡೆ ಒಂದು ಸೊಸೈಟಿಯ ಆಡಳಿತ ಮಂಡಳಿಗೆ ನಿಂತಿದ್ದಾರೆ. ಭಾಷಣ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಹೊಡೆಯುವ ಔಷಧಿಗೆ ಬೇಕಾದ ಮೈಲುತುತ್ತ ಸಿಗಬೇಕು, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಅಡಿಕೆ ಒಣಗಿಸಲು ಡ್ರೈಯರ್ ಬೇಕು, ಸಾಲದ ಅರ್ಜಿ ಇಷ್ಟು ದಿನದಲ್ಲಿ ಇತ್ಯರ್ಥ ಆಗಬೇಕು. ಇದನ್ನೆಲ್ಲ ಎರಡು ಪುಟದಲ್ಲಿ ಬರೆದುಕೊಟ್ಟೆ. ಭಾವ ಓದಿ, "ಇದು ವಾರ್ಷಿಕ ವರದಿ ಆಯ್ತು ಮಾರಾಯಾ, ಭಾಷಣ ಆಗಲಿಲ್ಲ" ಅಂದರು.

ವಾಪಸ್ ಬಂದ ಹಾಳೆಯ ಅಂಚಿನಲ್ಲೆಲ್ಲ ಕೆಂಪು ಶಾಯಿ. ಮೈಲುತುತ್ತದ ಪಕ್ಕ "ಹನಿ ಹನಿಗೂಡಿದರೆ ಹಳ್ಳ". ಡ್ರೈಯರ್ ಪಕ್ಕ "ಕೈ ಕೆಸರಾದರೆ ಬಾಯಿ ಮೊಸರು". ಸಾಲದ ಪಕ್ಕ "ಹಾಸಿಗೆ ಇದ್ದಷ್ಟು ಕಾಲು ಚಾಚು". ಸಾಲ ಕೇಳಲು ಬಂದವರಿಗೆ ಇದನ್ನು ಹೇಳಿದರೆ ಇದ್ದ ಮತವೂ ಹೋಗುತ್ತದಲ್ಲ! "ಒಗ್ಗಟ್ಟಿನಲ್ಲಿ ಬಲವಿದೆ" ಅಂತೂ ಎರಡು ಕಡೆ ಇದೆ.

ದೊಡ್ಡ ದೊಡ್ಡ ರಾಜಕಾರಣಿಗಳೂ ಹೀಗೇ ಮಾಡುತ್ತಾರೆ, ಅದಕ್ಕೇ ಜನ ಚಪ್ಪಾಳೆ ಹೊಡೆಯುತ್ತಾರೆ ಎನ್ನುವುದು ಭಾವನ ವಾದ. ನಿಜವಾಗ್ಲೂ ಗಾದೆ, ವಚನ, ಸುಭಾಷಿತ ಕೇಳಿ ಯಾರಾದರೂ ಮತ ಹಾಕಿದ್ದಾರಾ? ಅಥವಾ ಸುಮ್ನೆ ಮೈಕಿನ ಹೊಟ್ಟೆ ತುಂಬಿಸುವುದಾ?

ಚಾಲಿ ರಾಶಿ:
ಭಾವನಿಗೆ ಹೇಳಿ, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಮಾತ್ರ ಹೇಳಬೇಡಿ ಅಂತ. ಅಡಿಕೆ ಬೆಳೆಗಾರರ ಮುಂದೆ ನಿಂತು ಅಡಿಕೆಯನ್ನು ಚಿಲ್ಲರೆ ಮಾಡುವ ಗಾದೆ ಅದು. ನಮ್ಮ ಕಡೆ ಒಬ್ಬರು ಹೇಳಿಯೇ ಬಿಟ್ಟಿದ್ದರು. ಹಿಂದಿನ ಸಾಲಿನಿಂದ "ಆನೆ ಬೇಡ, ಅಡಿಕೆ ದರ ಹೇಳಿ" ಎಂದು ಕೂಗಿದರು.

ಬಂದರು ಬದಿಯವ:
ಹ್ಹ ಹ್ಹ. ನಮ್ಮಲ್ಲಿ ನಡೆದದ್ದು ಕೇಳಿ. ಕಾರವಾರದ ಬಂದರಿನ ಹತ್ತಿರ ಸಭೆ. ಮೀನುಗಾರರೇ ಜಾಸ್ತಿ. ಘಟ್ಟದ ಮೇಲಿಂದ ಬಂದ ನಾಯಕರೊಬ್ಬರು ಏರು ದನಿಯಲ್ಲಿ "ಗಾಳಿ ಬಂದಾಗ ತೂರಿಕೊಳ್ಳಬೇಕು ಬಂಧುಗಳೇ! ಈಗ ನಮ್ಮ ಪಕ್ಷದ ಗಾಳಿ ಬಂದಿದೆ!" ಎಂದರು. ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಅಜ್ಜ ತಲೆ ಎತ್ತಲೂ ಇಲ್ಲ. "ಗಾಳಿ ಬಂದ್ರೆ ನಾವು ಬೋಟು ದಡಕ್ಕೆ ತರೋದು" ಅಂದ. ಸುತ್ತ ಇದ್ದವರು ನಕ್ಕಿದ್ದೇ ನಕ್ಕಿದ್ದು. ನಾಯಕರಿಗೆ ಯಾಕೆ ನಗುತ್ತಿದ್ದಾರೆ ಎಂದೇ ಗೊತ್ತಾಗಲಿಲ್ಲ. ಚಪ್ಪಾಳೆ ಅಂದುಕೊಂಡು ಇನ್ನೊಮ್ಮೆ ಅದನ್ನೇ ಹೇಳಿದರು.

ಭತ್ತ ತೂರುವವರ ಗಾದೆ ಅದು. ಕಡಲಿಗೆ ತಂದರೆ ಹೀಗೇ ಆಗೋದು.

ಸುಮ್ನೆ ಓದುವವ:
ಇನ್ನೊಮ್ಮೆ ಹೇಳಿದರಾ! ಅಯ್ಯೋ ದೇವರೆ.

ಅಕ್ಕೋರು ಸಿದ್ದಾಪುರ:
ಹೆಗಡೆ ಕ್ರಾಸ್ ತಮ್ಮಾ, ನಿಮ್ಮ ಭಾವ ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ. ಅರಿಸ್ಟಾಟಲ್ ಭಾಷಣ ಕಲೆಯ ಬಗ್ಗೆ ಬರೆದಾಗ ಇದನ್ನೇ ಹೇಳಿದ್ದಾನೆ. ಜನರಿಗೆ ತಮ್ಮ ಮನಸ್ಸಿನಲ್ಲಿ ಆಗಲೇ ಇರುವ ಮಾತನ್ನು ಯಾರಾದರೂ ಲೋಕದ ಸತ್ಯ ಎಂಬಂತೆ ಹೇಳಿದರೆ ಭಾರೀ ಖುಷಿ. ಅವನು ಕೊಟ್ಟ ಉದಾಹರಣೆ ಕೇಳಿ. ನೆರೆಮನೆಯವರ ಕಾಟ ಇರುವವನ ಮುಂದೆ "ನೆರೆಹೊರೆಗಿಂತ ದೊಡ್ಡ ಪೀಡೆ ಇಲ್ಲ" ಎಂದು ನೋಡಿ, ತಕ್ಷಣ ತಲೆ ಆಡಿಸುತ್ತಾನೆ. ಹಾಗಾಗಿ ಕೇಳುವವರ ಮನಸ್ಸಿನಲ್ಲಿ ಏನಿದೆ ಎಂದು ಮೊದಲು ಊಹಿಸಿ, ಆಮೇಲೆ ಸೂಕ್ತಿ ಹೇಳಬೇಕು ಅನ್ನುತ್ತಾನೆ.

ಅದರ ಜೊತೆಗೇ ಇನ್ನೊಂದು ಮಾತೂ ಹೇಳಿದ್ದಾನೆ. ಸೂಕ್ತಿ ವಯಸ್ಸಾದವರ ಬಾಯಲ್ಲಿ, ಅದೂ ತಾವು ಅನುಭವಿಸಿದ ವಿಷಯದಲ್ಲಿ ಮಾತ್ರ ಚೆಂದ. ಅನುಭವ ಇಲ್ಲದವನು ಹೇಳಿದರೆ ಹುಂಬತನ ಆಗುತ್ತದೆ. ಮೇಲಿನ ಗಾಳಿಯ ಕಥೆ ಅದೇ ಅಲ್ವಾ?

ಬೆಂಗಳೂರು ಬಸ್ಸು:
ಅಕ್ಕೋರೆ, ಸೊಸೈಟಿ ಚುನಾವಣೆಗೆ ಅರಿಸ್ಟಾಟಲ್! ಉತ್ತರ ಕನ್ನಡದಲ್ಲಿ ಮಾತ್ರ ಸಾಧ್ಯ.

ತಾಳಮದ್ದಲೆ ಹುಚ್ಚ:
ನಾನು ಬೇರೆ ಕಡೆಯಿಂದ ಬರುತ್ತೇನೆ. ನಮ್ಮ ಜನ ಮಾತನ್ನು ಅಳೆಯುವುದು ಕಲಿತದ್ದೇ ತಾಳಮದ್ದಲೆಯಲ್ಲಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಬರೀ ಮಾತಿನಲ್ಲೇ ಪಾತ್ರ ಕಟ್ಟಬೇಕು. ಸಂಧಾನದ ಪ್ರಸಂಗ ಅಂತ ಇಟ್ಟುಕೊಳ್ಳಿ. ಕೃಷ್ಣ "ತಾಳಿದವನು ಬಾಳಿಯಾನು, ದುಡುಕಬೇಡ" ಎಂದು ಗಾದೆ ಬಿಟ್ಟ. ಕೌರವ ಎದುರಿಗೇ ಕೂತಿದ್ದಾನೆ. "ಹಾಗಾದರೆ ನಿನ್ನ ಪಾಂಡವರಿಗೇ ಹೇಳು, ಇನ್ನೂ ನಾಲ್ಕು ವರ್ಷ ತಾಳಲಿ, ಚೆನ್ನಾಗಿ ಬಾಳುತ್ತಾರೆ" ಎಂದು ತಿರುಗಿಸುತ್ತಾನೆ. ಈಗ ಕೃಷ್ಣನಿಗೆ ಕೆಲಸ ಬಂತು. ತಾಳುವುದಕ್ಕೂ ಒಂದು ಅವಧಿ ಇತ್ತು, ವನವಾಸ, ಅಜ್ಞಾತವಾಸ ಮುಗಿದಿದೆ, ಕರಾರಿನ ಪ್ರಕಾರ ರಾಜ್ಯ ಕೊಡಬೇಕು ಎಂದು ಗಾದೆ ಬಿಟ್ಟು ಲೆಕ್ಕಕ್ಕೆ ಬರಲೇಬೇಕು.

ರಾಜಕೀಯ ವೇದಿಕೆಯಲ್ಲಿ ಎದುರು ಅರ್ಥಧಾರಿ ಇಲ್ಲ. ಅದೇ ತೊಂದರೆ. ಗಾದೆ ಹೇಳುತ್ತಾರೆ, ಸೀಟಿ ಬೀಳುತ್ತದೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. "ಅದಕ್ಕೇನೀಗ?" ಎಂದು ಕೇಳುವವರಿಲ್ಲ. ಎದುರು ಪಕ್ಷದವರು ಮರುದಿನ ಇನ್ನೊಂದು ಊರಿನಲ್ಲಿ ಇನ್ನೊಂದು ಗಾದೆ ಹೇಳುತ್ತಾರೆ, ಅಷ್ಟೆ.

ಅಂಕೋಲಾ ಉಪ್ಪು:
ತಾಳಿದವನು ಬಾಳಿಯಾನು ಅಂದ್ರಲ್ಲ, ನಮಗೆ ಹುಬ್ಬಳ್ಳಿ-ಅಂಕೋಲಾ ರೈಲಿನ ವಿಷಯದಲ್ಲಿ ಪ್ರತಿ ಚುನಾವಣೆಗೂ ಸಿಗುವುದು ಅದೇ. ತಾಳಿದ್ದೇ ತಾಳಿದ್ದು. ಬಾಳುವುದು ಯಾವಾಗ ಅಂತ ಯಾರೂ ಹೇಳುವುದಿಲ್ಲ.

ಮಲ್ಲಿಗೆ ಭಟ್ಕಳ:
ಎಲ್ಲದಕ್ಕಿಂತ ನನಗೆ ಸಿಟ್ಟು ಬರುವುದು "ಆರೋಗ್ಯವೇ ಭಾಗ್ಯ"ಕ್ಕೆ. ಯಾವ ಶಿಬಿರ ಉದ್ಘಾಟನೆ ಆದರೂ ಅದೇ ಮಾತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ 2019ರಲ್ಲಿ ಜಾಲತಾಣದಲ್ಲಿ ಎದ್ದು ಕೂತರು. 2022ರಲ್ಲಿ ಮತ್ತೆ ಅದೇ ಕೂಗು, ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ ಎನ್ನುವ ತನಕ ಹೋಯಿತು. ದೊಡ್ಡ ಅಪಘಾತ ಆದರೆ ನಾವು ಈಗಲೂ ಮಣಿಪಾಲ, ಮಂಗಳೂರಿಗೆ ಓಡಬೇಕು. ಕಾರವಾರದವರು ಗೋವಾಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಆಂಬುಲೆನ್ಸ್ ಒಳಗೆ ಕೂತು ಗಡಿಯಾರ ನೋಡಿದವರಿಗೆ ಆ ಮಾತು ಹೇಗೆ ಕೇಳುತ್ತದೆ ಎಂದು ಸ್ವಲ್ಪ ಯೋಚಿಸಬೇಕು.

ಸದಾಶಿವಗಡ:
ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆಯಲ್ಲ, ಅದನ್ನೂ ಹೇಳಿ.

ಮಲ್ಲಿಗೆ ಭಟ್ಕಳ:
ಇದೆ, ಇಲ್ಲ ಎಂದು ನಾನೆಲ್ಲಿ ಹೇಳಿದೆ? ಭಟ್ಕಳದಿಂದ ಕಾರವಾರಕ್ಕೆ ಎಷ್ಟು ದೂರ ಅಂತ ಒಮ್ಮೆ ಲೆಕ್ಕ ಹಾಕಿ. ಹೋದ ಮೇಲೂ "ಮುಂದೆ ಕರೆದುಕೊಂಡು ಹೋಗಿ" ಎಂಬ ಚೀಟಿ ಸಿಕ್ಕಿದರೆ?

ಸದಾಶಿವಗಡ:
ಅದೂ ಸರಿ. ಮಾತು ಬೆಳೆಸುವುದಿಲ್ಲ.

ಹಳೇ ಕಡತ:
ಎಲ್ಲರೂ ಗಾದೆಗೆ ಬೈಯುತ್ತಿದ್ದೀರಿ. ನಾನು ಕಂದಾಯದಲ್ಲಿ ಕೆಲಸ ಮಾಡಿ ನಿವೃತ್ತ ಆದವನು. "ಉಳುವವನೇ ಹೊಲದೊಡೆಯ" ಎಂಬ ಎರಡು ಪದದ ಮಾತು ಈ ಜಿಲ್ಲೆಯಲ್ಲಿ ಏನು ಮಾಡಿತು ಎಂದು ಕಡತದಲ್ಲಿ ನೋಡಿದ್ದೇನೆ. 1951ರ ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಮ್ಮ ಪಕ್ಕದ ಸಾಗರದಲ್ಲೇ ಆದದ್ದು. ಅದಕ್ಕೂ ಮೊದಲೇ ನಮ್ಮ ಕರಾವಳಿಯಲ್ಲಿ ದಿನಕರ ದೇಸಾಯಿಯವರು ಗೇಣಿ ರೈತರನ್ನು ಕಟ್ಟಿದ್ದರು, ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾನೂನು ತಿದ್ದುಪಡಿ ಆಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು.

ಆದರೆ ಭಾಷಣ ಕೇಳಿ ಯಾರಿಗೂ ಜಮೀನು ಬರಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಆ ಹಾಳೆಯಲ್ಲಿ ಸರ್ವೆ ನಂಬರು, ಕ್ಷೇತ್ರ, ಗೇಣಿ ಎಷ್ಟು, ಒಡೆಯ ಯಾರು ಎಲ್ಲ ಬರೆಯಬೇಕು. ಓದು ಬರಹ ಬಾರದವರು ಶಾಲೆ ಮಾಸ್ತರರ ಹತ್ತಿರ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದನ್ನು ನೋಡಿದ್ದೇನೆ. ಶಾಯಿ ಹಾಳೆಯ ಆಚೆ ಬದಿಗೂ ಇಳಿದಿರುತ್ತಿತ್ತು. ಮಾತಿನ ಹಿಂದೆ ಒಂದು ಫಾರಂ ಇತ್ತು. ಈಗಿನ ಗಾದೆಗಳ ಹಿಂದೆ ಯಾವ ಫಾರಂ ಇದೆ ತೋರಿಸಿ ನೋಡುವಾ.

ಚಾಲಿ ರಾಶಿ:
ಕಡತದವರೆ, ಅದು ಗಾದೆ ಅಲ್ಲ, ಘೋಷಣೆ. ಎರಡನ್ನೂ ಸೇರಿಸಬೇಡಿ. ಗಾದೆ ಹಿರಿಯರದ್ದು, ಘೋಷಣೆ ಪಕ್ಷದ್ದು.

ಹಳೇ ಕಡತ:
ಊರಿನ ಮುದುಕಿಯರ ಬಾಯಲ್ಲಿ ಐವತ್ತು ವರ್ಷ ಉಳಿದರೆ ಗಾದೆಯೇ. ಯಾರು ಮೊದಲು ಹೇಳಿದರು ಅಂತ ಯಾರು ನೋಡುತ್ತಾರೆ?

ಚಾಲಿ ರಾಶಿ:
ಗೇಣಿ ಕಾನೂನಿನಲ್ಲಿ ಜಮೀನು ಕಳೆದುಕೊಂಡ ಮನೆಗಳೂ ಇದ್ದವು. ಆ ಮನೆಯ ಮುದುಕಿಯರ ಬಾಯಲ್ಲಿ ಬೇರೆ ಗಾದೆ ಇತ್ತು. ಅದನ್ನೂ ಕೇಳಿದ್ದೇನೆ.

ನಿರ್ವಾಹಕ:
ಗೇಣಿ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಭಾಷಣದ ಮಾತು ಮಾತ್ರ. ಪಕ್ಷದ ಹೆಸರು ಹಿಡಿದು ಬೈದಾಟವೂ ಬೇಡ.

ಗೋಕರ್ಣ ರಥಬೀದಿ:
ಸಂಸ್ಕೃತ ಸುಭಾಷಿತದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. "ವಸುಧೈವ ಕುಟುಂಬಕಂ" 2023ರ ಜಿ-20 ಸಮಾವೇಶದಿಂದ ಶುರುವಾಗಿ ಗ್ರಾಮಸಭೆಯ ತನಕ ಬಂದಿದೆ. ಮಹೋಪನಿಷತ್ತಿನಲ್ಲಿ ಇದೆ, ಸರಿ. ಅದೇ ಶ್ಲೋಕ ಹಿತೋಪದೇಶದಲ್ಲೂ ಬರುತ್ತದೆ. ಅಲ್ಲಿ ಅದನ್ನು ಹೇಳುವುದು ಯಾರು ಗೊತ್ತಾ? ನರಿ!

ಕೊಬ್ಬಿದ ಜಿಂಕೆ ನೋಡಿ ನರಿ ಸ್ನೇಹ ಬೆಳೆಸುತ್ತದೆ. ಜಿಂಕೆಯ ಹಳೇ ಗೆಳೆಯ ಕಾಗೆ, "ಗುರುತು ಪರಿಚಯ ಇಲ್ಲದವನನ್ನು ಸೇರಿಸಿಕೊಳ್ಳಬೇಡ" ಎನ್ನುತ್ತದೆ. ಆಗ ನರಿ ಈ ಶ್ಲೋಕ ಹೇಳುತ್ತದೆ. ಇವನು ನನ್ನವನು, ಅವನು ಪರಕೀಯ ಎನ್ನುವುದು ಸಣ್ಣ ಮನಸ್ಸಿನವರ ಲೆಕ್ಕ, ಉದಾರಿಗಳಿಗೆ ಭೂಮಿಯೇ ಕುಟುಂಬ ಅಂತ. ಜಿಂಕೆ ಕರಗಿ ಹೋಗುತ್ತದೆ. ಆಮೇಲೆ ನರಿ ಅದನ್ನು ಬೆಳೆದ ಹೊಲಕ್ಕೆ ಕರೆದುಕೊಂಡು ಹೋಗುತ್ತದೆ, ಜಿಂಕೆ ಬಲೆಗೆ ಬೀಳುತ್ತದೆ. "ಹಗ್ಗ ಕಡಿ ಮಾರಾಯ" ಎಂದರೆ ನರಿ ಏನು ಹೇಳಬೇಕು? "ಹಗ್ಗ ಪ್ರಾಣಿಯ ನರದ್ದು, ಇವತ್ತು ಭಾನುವಾರ, ಹಲ್ಲು ತಾಗಿಸುವಂತಿಲ್ಲ, ನಾಳೆ ನೋಡೋಣ." ಕೊನೆಗೆ ಜಿಂಕೆಯನ್ನು ಉಳಿಸುವುದು ಆ ಶ್ಲೋಕ ಹೇಳದ ಕಾಗೆ.

ಶ್ಲೋಕ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೇಳುವವನ ಭಾನುವಾರ ಯಾವತ್ತು ಬರುತ್ತದೆ ಎಂದು ನೋಡಿಕೊಳ್ಳಬೇಕು.

ಸುಮ್ನೆ ಓದುವವ:
ನಮ್ಮ ವಾರ್ಡಿನ ಸದಸ್ಯರಿಗೆ ವಾರವಿಡೀ ಭಾನುವಾರ.

ತಾಳಮದ್ದಲೆ ಹುಚ್ಚ:
ಗೋಕರ್ಣದವರೆ, ಕಾಲು ಮುಟ್ಟಿದೆ. ಇದನ್ನು ಮುಂದಿನ ಕೂಟದಲ್ಲಿ ಶಕುನಿಯ ಬಾಯಲ್ಲಿ ಹಾಕಿಸುತ್ತೇನೆ.

ಬೆಂಗಳೂರು ಬಸ್ಸು:
ನಾನೂ ಒಂದು ಸೇರಿಸುತ್ತೇನೆ. ಎಲ್ಲ ವೇದಿಕೆಯಲ್ಲೂ "ಬಸವಣ್ಣನವರು ಹೇಳಿದಂತೆ ಕಾಯಕವೇ ಕೈಲಾಸ" ಎನ್ನುತ್ತಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಿದ್ದ ಅಕ್ಕಿ ಆಯುವ ಕಾಯಕದವನು ಅವನು. ವಚನ ಪೂರ್ತಿ ಓದಿದರೆ ಇನ್ನೂ ಮಜಾ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಬಂದು ಮುಂದೆ ನಿಂತರೂ ಹಂಗು ಹರಿಯಬೇಕು ಎನ್ನುತ್ತಾನೆ. ಅಂದರೆ ಕೆಲಸ ಬಿಟ್ಟು ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲಬೇಡ ಅಂತ.

ಇದನ್ನು ನಮಗೆ ಹೇಳುವುದು ಯಾವಾಗ? ಹತ್ತು ಗಂಟೆ ಸಭೆಗೆ ಒಂದೂವರೆಗೆ ಬಂದು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಪಂಚಾಯ್ತಿ ಸಿಬ್ಬಂದಿ ಎಲ್ಲರನ್ನೂ ಕಾಯಕ ಬಿಡಿಸಿ ಬಿಸಿಲಲ್ಲಿ ಕೂರಿಸಿದ ಮೇಲೆ.

ಅಕ್ಕೋರು ಸಿದ್ದಾಪುರ:
ಚೆನ್ನಾಗಿ ಹೇಳಿದೆ ತಮ್ಮಾ. ಬೇಲಿಯೇ ಹೊಲ ಮೇಯುವ ಮಾತು ಮಾತ್ರ ಬಸವಣ್ಣನವರ ವಚನದಲ್ಲೇ ಇದೆ. ಅದನ್ನು ಹೇಳುವಾಗ ಮಾತ್ರ ಯಾರೂ ಅವರ ಹೆಸರು ಹೇಳುವುದಿಲ್ಲ, ವಿಚಿತ್ರ.

ಕಾಳಿ ದಂಡೆ:
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಎದುರಾಡುತ್ತೇನೆ. ಒಳ್ಳೆಯ ಮಾತು ಕಷ್ಟದ ವಿಷಯವನ್ನು ತಿಳಿಸುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

2019ರ ಜುಲೈ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು ಪುರನಾನೂರಿನ ಒಂದು ಹಳೇ ತಮಿಳು ಪದ್ಯ ಹೇಳಿದರು. ಪಿಸಿರಾಂದೈಯಾರ್ ಎಂಬ ಕವಿ ಪಾಂಡ್ಯ ರಾಜನಿಗೆ ಹೇಳಿದ್ದು. ಸಣ್ಣ ಗದ್ದೆಯ ಭತ್ತವನ್ನು ಕೊಯ್ದು ತುತ್ತು ಮಾಡಿ ಕೊಟ್ಟರೆ ಆನೆಗೆ ಎಷ್ಟೋ ದಿನಕ್ಕೆ ಸಾಕು. ಅದೇ ಆನೆ ತಾನೇ ಗದ್ದೆಗೆ ನುಗ್ಗಿದರೆ ಬಾಯಿಗೆ ಹೋಗುವುದಕ್ಕಿಂತ ಕಾಲಿನ ಕೆಳಗೆ ಹಾಳಾಗುವುದೇ ಜಾಸ್ತಿ. ತೆರಿಗೆ ಹೇಗೆ ಎತ್ತಬೇಕು ಎಂಬುದಕ್ಕೆ ಇಷ್ಟು ಚೊಕ್ಕ ಮಾತು ಇನ್ನೊಂದಿಲ್ಲ. ಆ ಬಜೆಟ್ ಅದರಂತೆ ಇತ್ತಾ ಇಲ್ವಾ ಎನ್ನುವುದು ಬೇರೆ ಚರ್ಚೆ. ಮುಂಡಗೋಡ, ಹಳಿಯಾಳದ ಭತ್ತದ ರೈತರಿಗಂತೂ ಇದನ್ನು ಬಿಡಿಸಿ ಹೇಳುವುದೇ ಬೇಡ. ದಾಂಡೇಲಿ ಕಾಡಿನಿಂದ ಆನೆ ಇಳಿದ ಮರುದಿನ ಗದ್ದೆ ನೋಡಿದವರು ಅವರು.

ಇನ್ನೊಂದು ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಅವರದ್ದು. 1987ರ ಡಿಸೆಂಬರ್ 8ರಂದು ಸೋವಿಯತ್ ನಾಯಕ ಗೋರ್ಬಚೆವ್ ಜೊತೆ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕುವಾಗ ರಷ್ಯನ್ನರದ್ದೇ ಗಾದೆ ಹೇಳಿದರು. ನಂಬು, ಆದರೆ ಪರೀಕ್ಷಿಸು. ಗೋರ್ಬಚೆವ್, "ಪ್ರತಿ ಸಲ ಸಿಕ್ಕಾಗಲೂ ಇದನ್ನೇ ಹೇಳುತ್ತೀರಿ" ಎಂದರು. ರೇಗನ್, "ನನಗದು ಇಷ್ಟ" ಎಂದರು, ಸಭೆ ನಕ್ಕಿತು. ಆದರೆ ಒಪ್ಪಂದದ ಒಳಗೆ ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ತಪಾಸಣೆ ಮಾಡುವ ಕಲಮು ಇತ್ತು. ಕಡತದವರು ಹೇಳಿದ ಫಾರಂ ಇದೇ ಅಲ್ವಾ?

ಹಳೇ ಕಡತ:
ಹೌದು. ಒಪ್ಪಿದೆ.

ಚಾಲಿ ರಾಶಿ:
ನೋಡಿ, ರೇಗನ್ ಹೇಳಿದ್ದು ನಿಜವಾದ ಗಾದೆ. ಘೋಷಣೆ ಅಲ್ಲ.

ಹಳೇ ಕಡತ:
ಬಿಡಲ್ಲ ಇವರು.

ಶಿರಸಿ ಪೇಟೆ:
ನಮ್ಮ ಕಡೆಯ ರಾಜಕಾರಣದಲ್ಲೇ ಮಾತುಗಾರರು ಇದ್ದರಲ್ಲ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರ "ಮೌಲ್ಯಾಧಾರಿತ ರಾಜಕಾರಣ" ಎಂಬ ಎರಡೇ ಪದ ಇಡೀ ದೇಶ ಸುತ್ತಿತು. ಅವರ ವಿರೋಧಿಗಳು ಅದೇ ಎರಡು ಪದ ಹಿಡಿದು ಅವರನ್ನು ಅಳೆದರು. ಟೆಲಿಫೋನ್ ಕದ್ದಾಲಿಕೆ ಆರೋಪ ಬಂದು 1988ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ ಪತ್ರಿಕೆಗಳಲ್ಲಿ ಮತ್ತೆ ಅದೇ ಮಾತು. ಸೂಕ್ತಿ ಹೇಳಿದವನ ಹಿಂದೆಯೇ ಅದು ಸಾಲಗಾರನ ಹಾಗೆ ಬರುತ್ತದೆ.

ಇನ್ನೊಂದು ಕಡೆ ದಿನಕರ ದೇಸಾಯಿ. ನಾಲ್ಕೇ ಸಾಲಿನಲ್ಲಿ ಚುಚ್ಚುವ ಚುಟುಕು ಬರೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1967ರಲ್ಲಿ ಪಕ್ಷೇತರನಾಗಿ ನಿಂತು ಲೋಕಸಭೆಗೆ ಗೆದ್ದರು. ನಮ್ಮ ಅಜ್ಜನ ಪ್ರಕಾರ ಜನ ಮತ ಹಾಕಿದ್ದು ಚುಟುಕಿಗಲ್ಲ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದಿದ್ದರು, ಅಜ್ಜನ ತಮ್ಮಂದಿರು ಅಲ್ಲೇ ಓದಿದ್ದು.

ಅಂಕೋಲಾ ಉಪ್ಪು:
ಚುಟುಕಿಗೂ ಹಾಕಿದ್ದಾರೆ ಮಾರಾಯ್ರೆ. ಅಂಕೋಲೆಯವರನ್ನು ಕೇಳಿ. ಓದಲು ಬಾರದವರಿಗೂ ನಾಲ್ಕು ಸಾಲು ಬಾಯಿಪಾಠ ಇರುತ್ತಿತ್ತು.

ಬಂದರು ಬದಿಯವ:
2024ರ ಮಳೆಗಾಲ ನೆನಪಿಸಿಕೊಳ್ಳಿ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ಕ್ಕೆ ನಮ್ಮ ಕಾಳಿ ಹಳೇ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ಬಂದವರ ಬಾಯಲ್ಲಿ "ವಿಧಿಯಾಟ", "ಹುಟ್ಟಿದವ ಸಾಯಲೇಬೇಕು" ಎಂಬ ಮಾತು ಬಂದರೆ ಕೈ ತುರಿಸುತ್ತದೆ. ಗುಡ್ಡ ಯಾಕೆ ಜಾರಿತು, ಹೆದ್ದಾರಿಗೆ ಗುಡ್ಡ ಕಡಿದದ್ದು ಹೇಗೆ, ಸೇತುವೆ ತಪಾಸಣೆ ಯಾವಾಗ ಆಗಿತ್ತು, ಅದನ್ನು ಹೇಳಬೇಕು. ಹೇಳಲು ಗೊತ್ತಿಲ್ಲದಿದ್ದರೆ ಸುಮ್ಮನೆ ಕೈಮುಗಿದು ಹೋಗಬೇಕು.

ಮಲ್ಲಿಗೆ ಭಟ್ಕಳ:
ನೂರಕ್ಕೆ ನೂರು.

ಕಾಳಿ ದಂಡೆ:
ಒಪ್ಪುತ್ತೇನೆ. ಸಾವಿನ ಮನೆಯಲ್ಲಿ ಸೂಕ್ತಿ ಬೇಡ.

ಹೆಗಡೆ ಕ್ರಾಸ್:
ಇಷ್ಟು ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ಭಾವನಿಗೆ ನರಿಯ ಕಥೆ ಓದಿ ಹೇಳಿದೆ. ನಕ್ಕರು, ಆಮೇಲೆ "ನಾನು ಯಾರ ಪಾತ್ರ?" ಎಂದು ಕೇಳಿದರು. ಉತ್ತರ ಕೊಡಲಿಲ್ಲ, ಅಕ್ಕನ ಮನೆಗೆ ಮತ್ತೆ ಹೋಗಬೇಕಲ್ಲ.

ಕೊನೆಗೆ ಒಂದು ರಾಜಿ ಆಗಿದೆ. ಕೆಂಪು ಶಾಯಿಯದ್ದೆಲ್ಲ ಹೋಯಿತು. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ" ಮಾತ್ರ ಇರಲೇಬೇಕಂತೆ, ಹಳೇ ಮಂಡಳಿಯವರು ಸಾಲ ಕೊಡುವಾಗ ತಾರತಮ್ಯ ಮಾಡಿದರು ಎನ್ನಲು.

ಚಾಲಿ ರಾಶಿ:
ಅಯ್ಯೋ ಅದು ಬೇಡ! ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಇಲ್ಲದೆ ಒದ್ದಾಡಿದವರ ಮುಂದೆ ಆ ಮಾತಾ? ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. "ಸುಣ್ಣವಾದರೂ ಸರಿ, ಮೇ ತಿಂಗಳೊಳಗೆ ಕೊಡ್ರೋ" ಎಂದು ಯಾರಾದರೂ ಕೂಗುವುದು ಗ್ಯಾರಂಟಿ.

ಹೆಗಡೆ ಕ್ರಾಸ್:
ಅದನ್ನೇ ಭಾಷಣದಲ್ಲಿ ಹಾಕಿದರೆ ಹೇಗೆ? ಭಾವನೇ ಮೊದಲು ಹೇಳಿಬಿಡಲಿ. "ನನಗೆ ಸುಣ್ಣವೇ ಕೊಡಿ, ಸಮಯಕ್ಕೆ ಕೊಡಿ" ಅಂತ.

ಅಕ್ಕೋರು ಸಿದ್ದಾಪುರ:
ಈಗ ಭಾಷಣ ಆಯ್ತು ನೋಡು. ಕೆಳಗೆ ಮೈಲುತುತ್ತದ ದಾಸ್ತಾನಿನ ತಾರೀಕು ಹಾಕಲು ಮರೆಯಬೇಡ.

ಚಾಲಿ ರಾಶಿ:
ಅದನ್ನು ಕೂಗಲು ನಾನು ಕಾಯ್ದಿರಿಸ್ಕೊಂಡಿದ್ದೆ. ಈಗ ಹಿಂದಿನ ಸಾಲಿನವರು ಏನು ಮಾಡಬೇಕು?

ಬೆಂಗಳೂರು ಬಸ್ಸು:
ತಾಳಮದ್ದಲೆಯವರೆ, ಶಕುನಿ ಬರುವ ಕೂಟ ಎಲ್ಲಿ, ಯಾವತ್ತು? ಶನಿವಾರ ಆದರೆ ರಾತ್ರಿ ಬಸ್ಸಿಗೆ ಹೊರಟು ಬರುತ್ತೇನೆ.

ತಾಳಮದ್ದಲೆ ಹುಚ್ಚ:
ಹೊನ್ನಾವರದ ಕಡೆ, ಶನಿವಾರವೇ. ಸ್ಥಳ ಖಾಸಗಿಯಾಗಿ ಕಳಿಸುತ್ತೇನೆ. ಊಟ ಇದೆ. ಅಪ್ಪೆ ಹುಳಿ ಮಾಡಿಸುತ್ತೇವೆ ಎಂದಿದ್ದಾರೆ, ಮಾಡಿದ ಮೇಲೆ ನಂಬಬೇಕು.